ಬಾಯಿ ಸೊಟ್ಟ, ಫಿಟ್ಸ್, ತಲೆನೋವು, ಕೈನಡುಕ, ಮರೆವು: ನರರೋಗಗಳನ್ನು ಬೇರ್ಪಡಿಸಿ ನೋಡಲು ಒಂದು ಹೋಲಿಕೆಯ ಮಾರ್ಗದರ್ಶಿ

ಬಾಯಿ ಒಂದು ಕಡೆಗೆ ಸೊಟ್ಟಾದರೆ ಹಾವೇರಿ, ಗದಗ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಅದಕ್ಕೆ ಲಕ್ವಾ ಎಂಬುದೊಂದೇ ಹೆಸರು. ನೆಲಕ್ಕೆ ಬಿದ್ದು ಕೈಕಾಲು ಬಡಿದರೆ ಫಿಟ್ಸ್, ಕೈ ನಡುಗಿದರೆ ನರದೌರ್ಬಲ್ಯ, ವಯಸ್ಸಾದವರು ಹೇಳಿದ್ದನ್ನೇ ಹೇಳಿದರೆ ಅರಳುಮರಳು. ಈ ಒಂದೊಂದು ಹೆಸರಿನ ಕೆಳಗೂ ಎರಡು ಮೂರು ಬೇರೆ ಬೇರೆ ಕಾಯಿಲೆಗಳು ಸೇರಿಕೊಂಡಿವೆ. ಅವುಗಳಲ್ಲಿ ಒಂದಕ್ಕೆ ಅದೇ ಗಳಿಗೆಯಲ್ಲಿ ಗಾಡಿ ಹೊರಡಿಸಬೇಕು, ಇನ್ನೊಂದಕ್ಕೆ ಮುಂದಿನ ವಾರದ ಒಪಿಡಿ ಸಾಕು, ಮತ್ತೊಂದಕ್ಕೆ ಈಗಾಗಲೇ ನುಂಗುತ್ತಿರುವ ಒಂದು ಗುಳಿಗೆಯನ್ನು ವೈದ್ಯರನ್ನು ಕೇಳಿ ನಿಲ್ಲಿಸುವುದೇ ಚಿಕಿತ್ಸೆ. ಯಾವ ಆಸ್ಪತ್ರೆ, ಯಾವ ತಜ್ಞ, ಯಾವ ಸ್ಕ್ಯಾನ್ ಎಂಬ ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಗುವುದು ಈ ಕಾಯಿಲೆಗಳನ್ನು ಮೊದಲು ಬೇರ್ಪಡಿಸಿ ನೋಡಿದಾಗ ಮಾತ್ರ.

ಬೇರ್ಪಡಿಸುವುದಕ್ಕೆ ಮನೆಯವರ ಕೈಯಲ್ಲಿರುವ ಅತ್ಯುತ್ತಮ ಸಾಧನವೆಂದರೆ ಗಡಿಯಾರ ಮತ್ತು ಕ್ಯಾಲೆಂಡರ್. ಲಕ್ಷಣ ಯಾವುದು ಎಂಬುದರಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಅದು ಎಷ್ಟು ವೇಗವಾಗಿ ಬಂತು ಎಂಬುದು ರೋಗದ ಗುರುತನ್ನು ಹೇಳುತ್ತದೆ. ಸೆಕೆಂಡು ಅಥವಾ ನಿಮಿಷಗಳಲ್ಲಿ ಬಂದದ್ದು ಹೆಚ್ಚಾಗಿ ಮಿದುಳಿನ ರಕ್ತನಾಳದ ತೊಂದರೆ, ಇಲ್ಲವೇ ಮಿದುಳಿನ ವಿದ್ಯುತ್ ಚಟುವಟಿಕೆಯ ಏರುಪೇರು. ಗಂಟೆಗಳಿಂದ ದಿನಗಳಲ್ಲಿ ಬೆಳೆದದ್ದು ಸೋಂಕು, ಉರಿಯೂತ ಅಥವಾ ರಕ್ತದ ಲವಣಾಂಶದ ವ್ಯತ್ಯಾಸವಾಗಿರಬಹುದು. ವಾರಗಳಲ್ಲಿ ಹೆಚ್ಚುತ್ತ ಹೋದದ್ದು ತಲೆಬುರುಡೆಯೊಳಗಿನ ಗಡ್ಡೆ ಅಥವಾ ನಿಧಾನವಾಗಿ ಸೇರಿದ ರಕ್ತವಾಗಿರಬಹುದು. ತಿಂಗಳು, ವರ್ಷಗಳಲ್ಲಿ ಕಾಣಿಸಿಕೊಂಡದ್ದು ಬಹುಮಟ್ಟಿಗೆ ನರಕೋಶಗಳ ಸವಕಳಿ. ಅಪವಾದಗಳಿವೆ, ಆದರೂ ವೈದ್ಯರು ಮೊದಲು ಕೇಳುವ ಪ್ರಶ್ನೆ ಇದೇ ಆಗಿರುವುದರಿಂದ ಮುಂದಿನ ಹೋಲಿಕೆಗಳೆಲ್ಲ ಇದೇ ದಾರಿಯಲ್ಲಿ ಸಾಗುತ್ತವೆ.

ಬಾಯಿ ಸೊಟ್ಟಾದಾಗ: ಪಾರ್ಶ್ವವಾಯು ಮತ್ತು ಬೆಲ್ಸ್ ಪಾಲ್ಸಿ

ಪಾರ್ಶ್ವವಾಯು ಎಂದರೆ ಮಿದುಳಿಗೆ ಹೋಗುವ ರಕ್ತನಾಳ ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಕೊಳ್ಳುವುದು ಅಥವಾ ಒಡೆದು ರಕ್ತ ಸುರಿಯುವುದು. ಐದರಲ್ಲಿ ಸುಮಾರು ನಾಲ್ಕು ಪ್ರಕರಣಗಳು ಮೊದಲನೆಯ ಬಗೆಯವು. ಬೆಲ್ಸ್ ಪಾಲ್ಸಿಯಲ್ಲಿ ಮಿದುಳಿಗೆ ಏನೂ ಆಗಿರುವುದಿಲ್ಲ. ಮುಖದ ಸ್ನಾಯುಗಳನ್ನು ಆಡಿಸುವ ನರವು ಕಿವಿಯ ಹಿಂದಿನ ಎಲುಬಿನ ಕಾಲುವೆಯಲ್ಲಿ ಊದಿಕೊಂಡು ಕೆಲಸ ನಿಲ್ಲಿಸಿರುತ್ತದೆ. ಎರಡರಲ್ಲಿಯೂ ಬಾಯಿ ಸೊಟ್ಟಾಗುತ್ತದೆ, ನೀರು ಕುಡಿದರೆ ಒಂದು ಕಡೆಯಿಂದ ಸುರಿಯುತ್ತದೆ.

ವ್ಯತ್ಯಾಸ ಕಾಣುವುದು ಹಣೆಯಲ್ಲಿ. ಹುಬ್ಬು ಮೇಲಕ್ಕೆತ್ತಲು, ಕಣ್ಣು ಬಿಗಿಯಾಗಿ ಮುಚ್ಚಲು ಹೇಳಬೇಕು. ಬೆಲ್ಸ್ ಪಾಲ್ಸಿಯಲ್ಲಿ ಆ ಬದಿಯ ಹಣೆಗೆ ನೆರಿಗೆ ಬೀಳುವುದಿಲ್ಲ, ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಪಾರ್ಶ್ವವಾಯುವಿನಲ್ಲಿ ಮುಖದ ಕೆಳಭಾಗ ಮಾತ್ರ ಜೋತುಬಿದ್ದು ಹಣೆ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ, ಏಕೆಂದರೆ ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಬದಿಗಳಿಂದ ಆಜ್ಞೆ ಬರುತ್ತದೆ. ಅದರ ಜೊತೆಗೆ ಒಂದು ಕೈ ಅಥವಾ ಕಾಲಿನ ಬಲ ಕುಗ್ಗುವುದು, ಮಾತು ತೊದಲುವುದು ಅಥವಾ ನಿಲ್ಲುವುದು, ಹಠಾತ್ತನೆ ಸಮತೋಲ ತಪ್ಪುವುದು, ದೃಷ್ಟಿ ಹೋಗುವುದು ಇರಬಹುದು. ಬೆಲ್ಸ್ ಪಾಲ್ಸಿ ಒಂದೆರಡು ದಿನಗಳಲ್ಲಿ ಹೆಚ್ಚುತ್ತದೆ. ಪಾರ್ಶ್ವವಾಯು ಸಾಮಾನ್ಯವಾಗಿ ನಿಂತ ನಿಲುವಿನಲ್ಲೇ ಹೊಡೆಯುತ್ತದೆ. ಹಾಗಿದ್ದರೂ ಮಿದುಳಿನ ಬುಡದಲ್ಲಿ ಆಗುವ ಕೆಲವು ಪಾರ್ಶ್ವವಾಯುಗಳು ಹಣೆಯನ್ನೂ ಹಿಡಿಯುತ್ತವೆ. ಆದ್ದರಿಂದ ಹಣೆಯ ಪರೀಕ್ಷೆಯನ್ನು ಮನೆಯಲ್ಲಿ ಕುಳಿತು ಧೈರ್ಯ ತಂದುಕೊಳ್ಳಲು ಬಳಸಬಾರದು. ಹೊಸದಾಗಿ ಬಾಯಿ ಸೊಟ್ಟಾದವರನ್ನು ತಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು.

ಇಲ್ಲಿಯೇ ನಮ್ಮ ಭಾಗದ ಒಂದು ದೊಡ್ಡ ಆಯ್ಕೆಯ ಪ್ರಶ್ನೆ ಬರುತ್ತದೆ. ಲಕ್ವಾಕ್ಕೆ ಔಷಧ ಕೊಡುವ ನಾಟಿ ವೈದ್ಯರ ಹೆಸರು ಹತ್ತಾರು ಹಳ್ಳಿಗಳಲ್ಲಿ ಹರಡಿರುತ್ತದೆ; ಅಲ್ಲಿ ಎಣ್ಣೆ ತಿಕ್ಕಿಸಿಕೊಂಡು ಬಾಯಿ ನೆಟ್ಟಗಾದವರು ತಮ್ಮ ಕಣ್ಣಾರೆ ಕಂಡದ್ದನ್ನೇ ಹೇಳುತ್ತಾರೆ, ಅವರ ಮಾತು ಸುಳ್ಳಲ್ಲ. ಆದರೆ ಬೆಲ್ಸ್ ಪಾಲ್ಸಿ ಬಂದ ಹತ್ತರಲ್ಲಿ ಸುಮಾರು ಏಳು ಮಂದಿ ಯಾವ ಔಷಧವೂ ಇಲ್ಲದೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಪೂರ್ತಿ ಗುಣವಾಗುತ್ತಾರೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ತಾನಾಗಿಯೇ ವಾಸಿಯಾಗುವ ಒಂದು ಕಾಯಿಲೆಯ ಯಶಸ್ಸು ಲಕ್ವಾ ಎಂಬ ಹೆಸರಿನ ಮೂಲಕ ಇನ್ನೊಂದು ಕಾಯಿಲೆಗೆ ವರ್ಗಾವಣೆಯಾಗುತ್ತದೆ. ಪಾರ್ಶ್ವವಾಯು ಹೊಡೆದವರನ್ನೂ ಅದೇ ನಂಬಿಕೆಯಿಂದ ಅಲ್ಲಿಗೇ ಕರೆದೊಯ್ಯುತ್ತಾರೆ. ರಕ್ತನಾಳ ಮುಚ್ಚಿದ ಪಾರ್ಶ್ವವಾಯುವಿನಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜಿದೆ. ಆ ದಾರಿಯಲ್ಲಿ ಕಳೆದುಹೋಗುವ ಸಮಯವನ್ನು ಮತ್ತೆ ತರುವ ಔಷಧ ಎಲ್ಲಿಯೂ ಇಲ್ಲ.

ಚಿಕಿತ್ಸೆಗಳ ಹೋಲಿಕೆಯೂ ಅಷ್ಟೇ ಸ್ಪಷ್ಟವಾಗಿದೆ. ಬೆಲ್ಸ್ ಪಾಲ್ಸಿಗೆ 72 ಗಂಟೆಗಳ ಒಳಗೆ ಸ್ಟೆರಾಯ್ಡ್ ಗುಳಿಗೆ ಆರಂಭಿಸಿದರೆ ಪೂರ್ತಿ ಗುಣವಾಗುವವರ ಪ್ರಮಾಣ ಇನ್ನೂ ಹೆಚ್ಚುತ್ತದೆ. ಸಕ್ಕರೆ ಕಾಯಿಲೆಯವರು ಆ ದಿನಗಳಲ್ಲಿ ರಕ್ತದ ಸಕ್ಕರೆಯನ್ನು ಪದೇ ಪದೇ ನೋಡಿಕೊಳ್ಳಬೇಕು. ಮುಚ್ಚದ ಕಣ್ಣು ಒಣಗಿ ಹುಣ್ಣಾಗದಂತೆ ಹನಿ ಔಷಧ ಹಾಕುವುದು, ರಾತ್ರಿ ಮುಲಾಮು ಹಚ್ಚಿ ಪಟ್ಟಿ ಕಟ್ಟುವುದು ಗುಳಿಗೆಯಷ್ಟೇ ಮುಖ್ಯ. ಕಿವಿಯಲ್ಲಿ ಗುಳ್ಳೆಗಳೆದ್ದಿದ್ದರೆ ಅದು ಸರ್ಪಸುತ್ತಿನ ವೈರಾಣುವಿನ ಕೆಲಸ. ಅದಕ್ಕೆ ಬೇರೆ ಔಷಧವೂ ಬೇಕು.

ಪಾರ್ಶ್ವವಾಯುವಿಗೆ ಮೊದಲು ಬೇಕಾದದ್ದು ಸಿಟಿ ಸ್ಕ್ಯಾನ್. ರಕ್ತನಾಳ ಮುಚ್ಚಿದೆಯೋ ಒಡೆದಿದೆಯೋ ಎಂಬುದು ಹೊರಗಿನಿಂದ ಗೊತ್ತಾಗುವುದಿಲ್ಲ, ಎರಡರ ಚಿಕಿತ್ಸೆಯೂ ಒಂದಕ್ಕೊಂದು ತದ್ವಿರುದ್ಧ. ರಕ್ತಸ್ರಾವವಿಲ್ಲವೆಂದು ಖಚಿತವಾದರೆ, ಲಕ್ಷಣ ಆರಂಭವಾದ ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಆಲ್ಟಿಪ್ಲೇಸ್ ಅಥವಾ ಟೆನೆಕ್ಟಿಪ್ಲೇಸ್ ಸೂಜಿ ಕೊಡಬಹುದು. ದೊಡ್ಡ ರಕ್ತನಾಳ ಮುಚ್ಚಿದ್ದರೆ ತೊಡೆಯ ರಕ್ತನಾಳದಿಂದ ತೆಳುವಾದ ನಳಿಗೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುವ ಚಿಕಿತ್ಸೆ ಇದೆ. ಅದಕ್ಕೆ ಸಾಮಾನ್ಯವಾಗಿ 6 ಗಂಟೆ, ಆಯ್ದ ಕೆಲವರಿಗೆ 24 ಗಂಟೆಯವರೆಗೆ ಅವಕಾಶವಿದೆ. ಸೂಜಿಯಿಂದ ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯ ನೂರಕ್ಕೆ ಸುಮಾರು ಆರು ಮಂದಿಗೆ ಇದೆ, ವೈದ್ಯರು ಸಹಿ ಕೇಳುವುದು ಇದಕ್ಕಾಗಿಯೇ. ಸಹಿ ಹಾಕುವ ಮೊದಲು ಊರಿನ ಹಿರಿಯರನ್ನೆಲ್ಲ ಫೋನಿನಲ್ಲಿ ಕೇಳುತ್ತ ಕುಳಿತರೆ ಆ ಗಡುವು ಅಲ್ಲಿಯೇ ಮುಗಿಯುತ್ತದೆ.

ಗಂಟೆಗಳ ಲೆಕ್ಕ ಆರಂಭವಾಗುವುದು ರೋಗಿ ಕೊನೆಯ ಬಾರಿ ಚೆನ್ನಾಗಿದ್ದುದನ್ನು ಯಾರಾದರೂ ನೋಡಿದ ಹೊತ್ತಿನಿಂದ. ನಸುಕಿನಲ್ಲಿ ಎದ್ದಾಗ ಕೈ ಬಿದ್ದಿದ್ದರೆ ಹಿಂದಿನ ರಾತ್ರಿ ಮಲಗಿದ ಹೊತ್ತನ್ನೇ ಹೇಳಬೇಕು. ಮನೆಯಲ್ಲಿ ಆಸ್ಪಿರಿನ್ ಕೊಡಬಾರದು, ಏಕೆಂದರೆ ಒಡೆದ ರಕ್ತನಾಳವಿದ್ದರೆ ಅದು ವಿಷವಾಗುತ್ತದೆ. ನೀರು, ಚಹಾ ಕುಡಿಸಬಾರದು. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ರಕ್ತದ ಸಕ್ಕರೆ ತೀರ ಇಳಿದಾಗಲೂ ಪಾರ್ಶ್ವವಾಯುವಿನಂತೆಯೇ ಕಾಣುವುದರಿಂದ ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಗಾಡಿ ಬರುವಷ್ಟರಲ್ಲಿ ನೋಡಬಹುದು.

ಯಾವ ಆಸ್ಪತ್ರೆಗೆ? ಹತ್ತಿರದ ಆಸ್ಪತ್ರೆಗಿಂತ, ಆ ಹೊತ್ತಿನಲ್ಲಿ ಸಿಟಿ ಸ್ಕ್ಯಾನ್ ನಡೆಯುವ ಮತ್ತು ಹೆಪ್ಪು ಕರಗಿಸುವ ಸೂಜಿ ಕೊಡುವ ಆಸ್ಪತ್ರೆ ಮೇಲು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಗದಗದಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್, ಹಾವೇರಿಯಿಂದ ಸುಮಾರು 75. ನಾಲ್ಕೂವರೆ ಗಂಟೆಯಲ್ಲಿ ಈ ದೂರ ಕಷ್ಟವಲ್ಲ. ಕಷ್ಟವಾಗುವುದು ಮೊದಲು ಒಂದು ದವಾಖಾನೆಯಲ್ಲಿ ಸಲೈನ್ ಹಚ್ಚಿಸಿ, ಅಲ್ಲಿಂದ ಇನ್ನೊಂದಕ್ಕೆ ಬರೆಸಿಕೊಂಡು, ಮೂರನೆಯ ಕಡೆಗೆ ಸ್ಕ್ಯಾನ್ ಮಾಡಿಸುವ ಸುತ್ತಾಟದಲ್ಲಿ. ಗದಗ ಮತ್ತು ಹಾವೇರಿಗಳಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಶಿಗ್ಗಾವಿಯಂಥ ಊರಿನವರಿಗೆ ಹೆದ್ದಾರಿಯ ಒಂದು ದಿಕ್ಕಿಗೆ ಹಾವೇರಿ, ಇನ್ನೊಂದು ದಿಕ್ಕಿಗೆ ಹುಬ್ಬಳ್ಳಿ. ಯಾವ ದಿಕ್ಕು ಎಂಬುದನ್ನು ಲಕ್ವಾ ಹೊಡೆದ ರಾತ್ರಿ ಚರ್ಚಿಸುವುದಕ್ಕಿಂತ, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆಯವರಿರುವ ಮನೆಯವರು ಮೊದಲೇ ವಿಚಾರಿಸಿ ಇಟ್ಟುಕೊಳ್ಳುವುದು ಒಳ್ಳೆಯದು. 108ಕ್ಕೆ ಕರೆ ಮಾಡುವಾಗಲೇ ಪಾರ್ಶ್ವವಾಯುವಿನ ಅನುಮಾನವಿದೆ ಎಂದು ಹೇಳಬೇಕು.

ಹತ್ತು ನಿಮಿಷ ಮಾತು ನಿಂತು ಮತ್ತೆ ಸರಿಯಾಯಿತೆಂದು ಮನೆಯಲ್ಲಿಯೇ ಉಳಿಯುವುದು ಇನ್ನೊಂದು ಅಪಾಯ. ಅದು ತಾತ್ಕಾಲಿಕ ಪಾರ್ಶ್ವವಾಯು. ಪೂರ್ಣ ಪಾರ್ಶ್ವವಾಯು ಬರುವ ಸಂಭವ ಅದರ ನಂತರದ ಮೊದಲ ಕೆಲವು ದಿನಗಳಲ್ಲಿಯೇ ಅತಿ ಹೆಚ್ಚು. ಎಣ್ಣೆ ತಿಕ್ಕುವ ವಿಷಯವಾಗಿ ಒಂದು ಮಾತು: ಅಪಾಯದ ಹಂತ ದಾಟಿ, ರಕ್ತದೊತ್ತಡದ ಮತ್ತು ರಕ್ತ ತೆಳುವಾಗಿಸುವ ಗುಳಿಗೆಗಳು ನಡೆಯುತ್ತಿರುವಾಗ, ಫಿಜಿಯೋಥೆರಪಿಯ ಜೊತೆಗೆ ಹಗುರವಾಗಿ ಎಣ್ಣೆ ಹಚ್ಚಿದರೆ ಹಾನಿಯೇನಿಲ್ಲ. ಅವುಗಳ ಬದಲಿಗೆ ಹಚ್ಚುವುದರಿಂದ ಹಾನಿ ಇದೆ.

ಎಚ್ಚರ ತಪ್ಪಿ ಬಿದ್ದಾಗ: ಮೂರ್ಛೆರೋಗ, ಬವಳಿ ಮತ್ತು ಮನಸ್ಸಿನ ಒತ್ತಡ

ಬಿದ್ದವರೆಲ್ಲರಿಗೂ ಮೂರ್ಛೆರೋಗವಿರುವುದಿಲ್ಲ. ಬವಳಿ ಬಂದು ಬೀಳುವವರಿಗೆ ಮೊದಲು ಕಣ್ಣು ಕತ್ತಲಿಟ್ಟು ಬೆವರು ಬರುತ್ತದೆ. ಬಿಸಿಲಿನಲ್ಲಿ ಬಹಳ ಹೊತ್ತು ನಿಂತದ್ದು, ರಕ್ತ ನೋಡಿದ್ದು, ಉಪವಾಸ ಮುಂತಾದ ಕಾರಣವಿರುತ್ತದೆ. ಮಲಗಿಸಿದ ಕೂಡಲೇ ಒಂದು ನಿಮಿಷದೊಳಗೆ ಎಚ್ಚರವಾಗಿ ತಾನು ಎಲ್ಲಿದ್ದೇನೆಂದು ಗುರುತಿಸುತ್ತಾರೆ. ಬವಳಿಯಲ್ಲಿಯೂ ಕೈಕಾಲು ನಾಲ್ಕಾರು ಬಾರಿ ಜಗ್ಗಬಹುದು, ಅದಷ್ಟನ್ನೇ ನೋಡಿ ಫಿಟ್ಸ್ ಎಂದು ವರ್ಷಗಟ್ಟಲೆ ಗುಳಿಗೆ ನುಂಗಿಸಿದ ಉದಾಹರಣೆಗಳಿವೆ. ಮೂರ್ಛೆರೋಗದ ಸೆಳವಿನಲ್ಲಿ ಮೈ ಮೊದಲು ಸೆಟೆದು ಆಮೇಲೆ ತಾಳಬದ್ಧವಾಗಿ ಅದುರುತ್ತದೆ, ಕಣ್ಣು ತೆರೆದಿರುತ್ತದೆ, ನಾಲಗೆಯ ಬದಿ ಕಚ್ಚಿಕೊಂಡಿರುತ್ತದೆ, ಸೆಳವು ನಿಂತ ಮೇಲೆ ಹತ್ತಾರು ನಿಮಿಷ ಗೊಂದಲ ಮತ್ತು ನಿದ್ದೆ ಇರುತ್ತದೆ. ಮನಸ್ಸಿನ ಒತ್ತಡದಿಂದ ಬರುವ ಮೂರನೆಯ ಬಗೆಯಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿರುತ್ತದೆ, ಚಲನೆಗೆ ತಾಳವಿರುವುದಿಲ್ಲ, ಕೆಲವೊಮ್ಮೆ ಅರ್ಧ ಗಂಟೆಯವರೆಗೂ ಏರಿಳಿಯುತ್ತ ಸಾಗುತ್ತದೆ. ಇದನ್ನು ಕೆಲವು ಮನೆಗಳಲ್ಲಿ ಮೈಮೇಲೆ ಬಂದಿದೆ ಎನ್ನುತ್ತಾರೆ, ಕೆಲವರು ನಾಟಕ ಎನ್ನುತ್ತಾರೆ, ಎರಡೂ ತಪ್ಪು. ಅದು ಆ ವ್ಯಕ್ತಿಯ ಇಚ್ಛೆಯಿಲ್ಲದೆ ನಡೆಯುವ ನಿಜವಾದ ಕಾಯಿಲೆ. ಅದಕ್ಕೆ ಬೇಕಾದದ್ದು ಆಪ್ತಸಮಾಲೋಚನೆ. ಮೂರ್ಛೆರೋಗದ ಗುಳಿಗೆಯಿಂದ ಅದು ಕಡಿಮೆಯಾಗುವುದಿಲ್ಲ.

ಓಡುವಾಗ ಬಿದ್ದರೆ, ಎದೆ ಹೊಡೆದುಕೊಂಡು ಬಿದ್ದರೆ, ಮನೆತನದಲ್ಲಿ ಎಳೆಯ ವಯಸ್ಸಿನಲ್ಲೇ ಹಠಾತ್ತನೆ ಸತ್ತವರಿದ್ದರೆ ಮೊದಲು ಇಸಿಜಿ ಮಾಡಿಸಿ ಹೃದಯದ ವೈದ್ಯರನ್ನು ಕಾಣಬೇಕು.

ಈ ಮೂರನ್ನೂ ಬೇರ್ಪಡಿಸಲು ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಪರೀಕ್ಷೆಗಿಂತ ಮೊಬೈಲಿನ ವಿಡಿಯೊ ಹೆಚ್ಚು ಉಪಯುಕ್ತವಾದೀತು. ಮೂರ್ಛೆರೋಗವಿರುವ ಎಷ್ಟೋ ಮಂದಿಯ ಇಇಜಿ ಸೆಳವಿಲ್ಲದ ಹೊತ್ತಿನಲ್ಲಿ ಸಹಜವಾಗಿಯೇ ಬರುತ್ತದೆ. ಒಬ್ಬರು ರೋಗಿಯನ್ನು ಮಗ್ಗುಲಿಗೆ ಹೊರಳಿಸಿ ತಲೆಗೆ ಆಸರೆ ಕೊಡುವಾಗ ಇನ್ನೊಬ್ಬರು ಒಂದು ನಿಮಿಷದ ವಿಡಿಯೊ ತೆಗೆದರೆ ತಜ್ಞರ ಕೆಲಸ ಅರ್ಧ ಹಗುರಾಗುತ್ತದೆ. ಕೈಯಲ್ಲಿ ಕಬ್ಬಿಣ ಹಿಡಿಸುವುದರಿಂದ, ಉಳ್ಳಾಗಡ್ಡಿ ಮೂಸಿಸುವುದರಿಂದ ಏನೂ ಆಗುವುದಿಲ್ಲ. ಸೆಳವು ಎರಡು ಮೂರು ನಿಮಿಷಗಳಲ್ಲಿ ತಾನೇ ನಿಲ್ಲುವುದರಿಂದ ಕಬ್ಬಿಣಕ್ಕೆ ಆ ಕೀರ್ತಿ ಬಂದಿದೆ. ಬಾಯೊಳಗೆ ಚಮಚ ತುರುಕುವುದು ಮಾತ್ರ ಹಲ್ಲು ಮುರಿಯುವ, ಉಸಿರು ಕಟ್ಟಿಸುವ ಕೆಲಸ. ಐದು ನಿಮಿಷ ಮೀರಿದರೆ, ಅಥವಾ ಎಚ್ಚರವಾಗದೆಯೇ ಮತ್ತೊಂದು ಬಂದರೆ, ಅದು ತುರ್ತು ಪರಿಸ್ಥಿತಿ. ಪದೇ ಪದೇ ಹೀಗಾಗುವವರಿಗೆ ಮೂಗಿಗೆ ಸಿಂಪಡಿಸುವ ಮಿಡಜೊಲಾಮ್ ಮನೆಯಲ್ಲಿಟ್ಟುಕೊಳ್ಳಲು ವೈದ್ಯರು ಬರೆದುಕೊಡುತ್ತಾರೆ.

ಕಾರಣಗಳಲ್ಲಿ ನಮ್ಮ ದೇಶದಲ್ಲಿ ಮುಖ್ಯವಾದದ್ದು ಲಾಡಿಹುಳುವಿನ ಮರಿ ಮಿದುಳಿನಲ್ಲಿ ಗಂಟು ಕಟ್ಟುವುದು. ಸ್ಕ್ಯಾನಿನಲ್ಲಿ ಇದನ್ನು ಕಂಡಾಗ ಮಾಂಸವನ್ನೇ ಮುಟ್ಟದ ಮನೆಯವರು ದಂಗಾಗುತ್ತಾರೆ. ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಹೊಟ್ಟೆಯಲ್ಲಿ ಹುಳು ಬೆಳೆಯುತ್ತದೆ, ನಿಜ; ಆದರೆ ಮಿದುಳಿಗೆ ಹೋಗುವುದು ಅದರ ಮೊಟ್ಟೆಯಿಂದ ಹೊರಬಂದ ಮರಿ, ಆ ಮೊಟ್ಟೆ ಬರುವುದು ಮಲ ಸೇರಿದ ನೀರು ಬಿಟ್ಟ ತರಕಾರಿಯಿಂದ, ತೊಳೆಯದ ಕೈಯಿಂದ. ಹಸಿ ಸೊಪ್ಪು, ಮೂಲಂಗಿ, ಗಜ್ಜರಿಗಳನ್ನು ರೊಟ್ಟಿಯ ಜೊತೆಗೆ ತಿನ್ನುವ ನಮ್ಮಲ್ಲಿ ಅವನ್ನು ತೊಳೆಯುವ ನೀರಿನ ಬಗ್ಗೆ ಎಚ್ಚರ ಬೇಕು. ಚಿಕಿತ್ಸೆ ಆಲ್ಬೆಂಡಜೋಲ್ ಮತ್ತು ಸ್ಟೆರಾಯ್ಡ್ ಜೊತೆಯಾಗಿ, ಕಣ್ಣಿನ ಪರೀಕ್ಷೆಯ ನಂತರ, ವೈದ್ಯರ ನಿಗಾದಲ್ಲಿ ನಡೆಯಬೇಕು. ಅಂಗಡಿಯಿಂದ ಹುಳುವಿನ ಗುಳಿಗೆ ತಂದು ನುಂಗಿಸಿದರೆ ಮಿದುಳು ಊದಿಕೊಂಡು ಸೆಳವು ಹೆಚ್ಚಬಹುದು.

ಗುಳಿಗೆಗಳ ಆಯ್ಕೆಯಲ್ಲಿ ಹಳೆಯವು ಅಗ್ಗ: ಫೀನೋಬಾರ್ಬಿಟೋನ್, ಫೆನಿಟಾಯಿನ್, ಕಾರ್ಬಮಜೆಪೀನ್. ಫೆನಿಟಾಯಿನ್ ದೀರ್ಘಕಾಲ ಸಾಗಿದರೆ ವಸಡು ಊದುತ್ತದೆ, ಫೀನೋಬಾರ್ಬಿಟೋನ್ ಮಕ್ಕಳನ್ನು ಮಂಕಾಗಿಸುತ್ತದೆ. ವ್ಯಾಲ್ಪ್ರೋಯೇಟ್ ಬಲವಾದ ಔಷಧ, ಆದರೆ ಗರ್ಭದಲ್ಲಿರುವ ಮಗುವಿಗೆ ಅಂಗವೈಕಲ್ಯ ಮತ್ತು ಬುದ್ಧಿಮಾಂದ್ಯ ತರುವುದರಿಂದ ಹುಡುಗಿಯರಿಗೆ ಮತ್ತು ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಬೇರೆ ದಾರಿಯಿರುವಾಗ ಕೊಡಬಾರದು. ಲೆವೆಟಿರಾಸೆಟಾಮ್ ಅವರಿಗೆ ಹೆಚ್ಚು ಸುರಕ್ಷಿತ. ಕೆಲವರಿಗೆ ಅದರಿಂದ ಸಿಟ್ಟು ಮತ್ತು ಕಿರಿಕಿರಿ ಹೆಚ್ಚುತ್ತದೆ, ಅದನ್ನು ಸ್ವಭಾವವೆಂದು ಬಿಡದೆ ವೈದ್ಯರಿಗೆ ಹೇಳಬೇಕು. ಹತ್ತರಲ್ಲಿ ಸುಮಾರು ಏಳು ಮಂದಿಗೆ ಗುಳಿಗೆಯಿಂದಲೇ ಸೆಳವು ನಿಲ್ಲುತ್ತದೆ. ಎರಡು ವರ್ಷ ಸೆಳವಿಲ್ಲದೆ ಕಳೆದ ಮೇಲೆ ನಿಧಾನವಾಗಿ ಕಡಿಮೆ ಮಾಡುವ ಆಲೋಚನೆ ಮಾಡಬಹುದು. ಸರಿಯಾಗಿ ಆರಿಸಿದ ಎರಡು ಔಷಧಗಳು ಸೋತರೆ ಮೂರನೆಯದನ್ನೇ ನೆಚ್ಚಿ ಕೂರದೆ ಶಸ್ತ್ರಚಿಕಿತ್ಸೆಯ ಸಾಧ್ಯತೆಯನ್ನು ದೊಡ್ಡ ಕೇಂದ್ರದಲ್ಲಿ ವಿಚಾರಿಸಬೇಕು.

ಲಗ್ನದ ಮಾತುಕತೆಯಲ್ಲಿ ಕಾಯಿಲೆ ಮುಚ್ಚಿಟ್ಟು, ಮದುವೆಯ ದಿನಗಳಲ್ಲಿ ಗುಳಿಗೆ ಬಿಡಿಸಿ, ನಿದ್ದೆಯನ್ನೂ ಕೆಡಿಸಿದರೆ ಸೆಳವು ಬರುವುದು ಆ ದಿನಗಳಲ್ಲಿಯೇ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗವು ಮದುವೆಗೆ ಅಡ್ಡಿ ಎಂದಿದ್ದ ಮಾತನ್ನು 1999ರ ತಿದ್ದುಪಡಿ ತೆಗೆದುಹಾಕಿದೆ. ಕಾನೂನು ಬಿಟ್ಟದ್ದನ್ನು ಬೀಗರು ಇನ್ನೂ ಹಿಡಿದುಕೊಂಡಿದ್ದಾರೆ, ಅಷ್ಟೇ.

ತಲೆನೋವು

ವಾಂತಿಯಾಗಿ ಕಡಿಮೆಯಾಗುವ ತಲೆನೋವನ್ನು ನಮ್ಮಲ್ಲಿ ಪಿತ್ತದ ತಲೆನೋವು ಎನ್ನುತ್ತಾರೆ. ಅದು ಬಹುತೇಕ ಮೈಗ್ರೇನ್. ತಲೆಯ ಒಂದು ಬದಿಯಲ್ಲಿ ನಾಡಿ ಬಡಿದಂತೆ ನೋವು, 4ರಿಂದ 72 ಗಂಟೆಗಳ ಅವಧಿ, ಬೆಳಕು ಮತ್ತು ಸದ್ದು ಬೇಡವಾಗುವುದು, ನಡೆದಾಡಿದರೆ ಹೆಚ್ಚುವುದು ಇದರ ಗುರುತು. ಒತ್ತಡದ ತಲೆನೋವು ಪಟ್ಟಿ ಬಿಗಿದಂತೆ ಎರಡೂ ಬದಿಗೆ ಇರುತ್ತದೆ, ಕೆಲಸ ಮಾಡಿಕೊಂಡಿರಬಹುದು, ವಾಂತಿಯಿಲ್ಲ. ಈ ಎರಡೂ ವರ್ಷಗಳಿಂದ ಒಂದೇ ರೀತಿಯಲ್ಲಿ ಬರುತ್ತಿದ್ದರೆ, ಪರೀಕ್ಷೆಯಲ್ಲಿ ಬೇರೆ ದೋಷ ಕಾಣದಿದ್ದರೆ, ಸ್ಕ್ಯಾನ್ ಬೇಕಾಗುವುದಿಲ್ಲ.

ಸ್ಕ್ಯಾನ್ ಬೇಕಾಗುವುದು ವೇಗ ಬದಲಾದಾಗ. ಜೀವಮಾನದಲ್ಲಿ ಕಂಡಿರದಂಥ ನೋವು ಒಂದು ನಿಮಿಷದೊಳಗೆ ತುತ್ತತುದಿಗೇರಿದರೆ ಮಿದುಳಿನ ಪೊರೆಯ ಕೆಳಗೆ ರಕ್ತಸ್ರಾವವಾಗಿರಬಹುದು, ಅದೇ ಕ್ಷಣ ಹೊರಡಬೇಕು. ಜ್ವರ ಮತ್ತು ಕುತ್ತಿಗೆ ಬಿಗಿತದೊಂದಿಗೆ ದಿನಗಳಲ್ಲಿ ಬೆಳೆದರೆ ಮಿದುಳುಪೊರೆಯ ಸೋಂಕು. ವಾರದಿಂದ ವಾರಕ್ಕೆ ಹೆಚ್ಚುತ್ತ, ನಸುಕಿನಲ್ಲಿ ಎಬ್ಬಿಸುತ್ತ, ದೃಷ್ಟಿ ಮಂಜಾಗಿಸಿದರೆ ತಲೆಯೊಳಗೆ ಒತ್ತಡ ಏರುತ್ತಿರಬಹುದು. ಬಾಣಂತಿಯರಲ್ಲಿ ಹೊಸದಾಗಿ ಬಂದ ತೀವ್ರ ತಲೆನೋವನ್ನು ಗಾಳಿ ಹೊಕ್ಕಿದೆ ಎಂದು ತಲೆಗೆ ಅರಿವೆ ಕಟ್ಟಿ ಕೂರಿಸಬಾರದು; ಮಿದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆ ಆ ದಿನಗಳಲ್ಲಿ ಕಾಡುತ್ತದೆ. ಐವತ್ತು ದಾಟಿದವರಿಗೆ ಮೊದಲ ಬಾರಿಗೆ ಬಂದ ತಲೆನೋವನ್ನು ಮೈಗ್ರೇನ್ ಎಂದುಕೊಳ್ಳುವುದೂ ತಪ್ಪು.

ಮೈಗ್ರೇನಿಗೆ ನೋವು ಬಂದಾಗ ನುಂಗುವ ಗುಳಿಗೆ ಬೇರೆ, ಬರದಂತೆ ದಿನವೂ ನುಂಗುವ ಗುಳಿಗೆ ಬೇರೆ. ಮೊದಲನೆಯದರಲ್ಲಿ ಪ್ಯಾರಾಸಿಟಮಾಲ್, ನ್ಯಾಪ್ರೋಕ್ಸೆನ್, ಅವು ಸೋತರೆ ಸುಮಾಟ್ರಿಪ್ಟಾನ್ ಬಗೆಯವು. ಹೃದಯರೋಗಿಗಳಿಗೆ ಈ ಕೊನೆಯದು ಆಗದು. ತಿಂಗಳಿಗೆ ನಾಲ್ಕಕ್ಕಿಂತ ಹೆಚ್ಚು ದಿನ ಕಾಡಿದರೆ ಎರಡನೆಯ ಬಗೆಯ ಆಲೋಚನೆ ಮಾಡಬೇಕು. ಉಬ್ಬಸವಿರುವವರಿಗೆ ಪ್ರೊಪ್ರನಾಲಾಲ್ ಬೇಡ, ನಿದ್ದೆ ಬಾರದವರಿಗೆ ಅಮಿಟ್ರಿಪ್ಟಿಲೀನ್ ಒಪ್ಪುತ್ತದೆ, ತೂಕ ಹೆಚ್ಚಿರುವವರಿಗೆ ಟೊಪಿರಮೇಟ್ ಅನುಕೂಲ. ಫ್ಲುನಾರಿಜಿನ್ ನಮ್ಮಲ್ಲಿ ಧಾರಾಳವಾಗಿ ಬರೆಯಲ್ಪಡುತ್ತದೆ. ಅದರ ಬಗ್ಗೆ ಮುಂದೆ ಹೇಳಬೇಕಾದದ್ದಿದೆ. ಔಷಧದಂಗಡಿಯ ನೋವಿನ ಗುಳಿಗೆಯನ್ನು ತಿಂಗಳಿಗೆ 15 ಅಥವಾ ಅದಕ್ಕಿಂತ ಹೆಚ್ಚು ದಿನ ಮೂರು ತಿಂಗಳಿಗೂ ಮೀರಿ ನುಂಗಿದರೆ ಗುಳಿಗೆಯೇ ತಲೆನೋವು ತರುತ್ತದೆ, ಮಿಶ್ರಣದ ಗುಳಿಗೆಗಳಿಗೆ 10 ದಿನ ಸಾಕು.

ಕೈನಡುಕ: ಪಾರ್ಕಿನ್ಸನ್, ಕುಲದ ನಡುಕ ಮತ್ತು ಔಷಧದ ನಡುಕ

1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ಕಾಯಿಲೆಯಲ್ಲಿ ನಡುಕಕ್ಕಿಂತ ನಿಧಾನವೇ ಮುಖ್ಯ ಲಕ್ಷಣ. ಕೈ ತೊಡೆಯ ಮೇಲೆ ಸುಮ್ಮನಿರುವಾಗ ನಡುಗುತ್ತದೆ, ಒಂದು ಬದಿಯಲ್ಲಿ ಆರಂಭವಾಗುತ್ತದೆ, ಲೋಟಕ್ಕೆ ಕೈ ಚಾಚಿದರೆ ಕಡಿಮೆಯಾಗುತ್ತದೆ. ಗುಂಡಿ ಹಾಕಲು ಹೊತ್ತು ಹಿಡಿಯುತ್ತದೆ, ಅಕ್ಷರ ಸಣ್ಣದಾಗುತ್ತ ಹೋಗುತ್ತದೆ, ನಡೆಯುವಾಗ ಒಂದು ಕೈ ಬೀಸುವುದಿಲ್ಲ. ಇದಕ್ಕೂ ವರ್ಷಗಳ ಮೊದಲೇ ವಾಸನೆ ತಿಳಿಯದಿರುವುದು, ಮಲಬದ್ಧತೆ, ನಿದ್ದೆಯಲ್ಲಿ ಕೂಗಾಡಿ ಕೈಕಾಲು ಬೀಸುವುದು ಇರಬಹುದು. ಕುಲದ ನಡುಕದಲ್ಲಿ ಸುಮ್ಮನಿದ್ದಾಗ ಏನೂ ಇರುವುದಿಲ್ಲ. ಚಹಾದ ಬಶಿ ಹಿಡಿದರೆ ಚೆಲ್ಲುತ್ತದೆ, ಎರಡೂ ಕೈಗಳಲ್ಲಿ ಇರುತ್ತದೆ, ತಲೆಯೂ ಅಲ್ಲಾಡಬಹುದು, ಅಪ್ಪನಿಗೋ ಅಜ್ಜಿಗೋ ಇದ್ದಿರುತ್ತದೆ. ಅದಕ್ಕೆ ತೊಂದರೆಯಾದಾಗ ಮಾತ್ರ ಪ್ರೊಪ್ರನಾಲಾಲ್ ಅಥವಾ ಪ್ರಿಮಿಡೋನ್ ಸಾಕು.

ಮೂರನೆಯದನ್ನು ಪತ್ತೆ ಹಚ್ಚುವುದರಲ್ಲಿಯೇ ಹೆಚ್ಚಿನ ಲಾಭವಿದೆ ಎಂದು ನನಗೆ ತೋರುತ್ತದೆ. ತಲೆಸುತ್ತಿಗೆ ಕೊಡುವ ಸಿನ್ನಾರಿಜಿನ್, ಮೈಗ್ರೇನಿನ ಫ್ಲುನಾರಿಜಿನ್, ವಾಂತಿಯ ಮೆಟೊಕ್ಲೊಪ್ರಮೈಡ್, ಗ್ಯಾಸಿನ ಗುಳಿಗೆಯೊಂದಿಗೆ ಬೆರೆತು ಬರುವ ಲೆವೊಸಲ್ಪಿರೈಡ್, ಮಾನಸಿಕ ಕಾಯಿಲೆಯ ಕೆಲವು ಔಷಧಗಳು, ಇವೆಲ್ಲ ಚಲನೆಯನ್ನು ಹದವಾಗಿಡುವ ಮಿದುಳಿನ ಡೋಪಮೈನ್ ಎಂಬ ರಾಸಾಯನಿಕದ ಕೆಲಸವನ್ನು ತಡೆದು ಪಾರ್ಕಿನ್ಸನ್ನನ್ನೇ ಹೋಲುವ ಸ್ಥಿತಿ ತರುತ್ತವೆ. ಗ್ಯಾಸಿನ ಗುಳಿಗೆಯನ್ನು ಊಟದಷ್ಟೇ ನಿಯಮಿತವಾಗಿ ವರ್ಷಗಟ್ಟಲೆ ನುಂಗುವ ಹಿರಿಯರು ನಮ್ಮಲ್ಲಿ ಬಹಳ. ಇವರಿಗೆ ನಡುಕವೂ ಬಿಗಿತವೂ ಎರಡೂ ಬದಿಗೆ ವಾರ ಅಥವಾ ತಿಂಗಳುಗಳಲ್ಲಿ ಬಂದಿರುತ್ತವೆ. ಗುಳಿಗೆ ನಿಲ್ಲಿಸಿದ ಮೇಲೆ ಕೆಲವು ತಿಂಗಳಲ್ಲಿ ಬಹಳ ಮಂದಿ ಮೊದಲಿನಂತಾಗುತ್ತಾರೆ. ತಜ್ಞರಲ್ಲಿಗೆ ಹೋಗುವಾಗ ನರದ ಔಷಧಗಳ ಚೀಟಿಯನ್ನಷ್ಟೇ ಅಲ್ಲದೆ ಮನೆಯ ಎಲ್ಲ ಗುಳಿಗೆಗಳ ಹಾಳೆಗಳನ್ನು ಚೀಲದಲ್ಲಿ ತುಂಬಿಕೊಂಡು ಹೋಗಬೇಕು. ಮಾನಸಿಕ ಕಾಯಿಲೆಯ ಗುಳಿಗೆಯನ್ನು ಮಾತ್ರ ತಾವೇ ನಿಲ್ಲಿಸಬಾರದು.

ನಿಜವಾದ ಪಾರ್ಕಿನ್ಸನ್‌ಗೆ ಲೆವೊಡೋಪ ಮತ್ತು ಕಾರ್ಬಿಡೋಪ ಕೂಡಿದ ಗುಳಿಗೆ ಇಂದಿಗೂ ಎಲ್ಲಕ್ಕಿಂತ ಪರಿಣಾಮಕಾರಿ, ಬೆಲೆಯೂ ಕಡಿಮೆ. ಬೇಗ ಆರಂಭಿಸಿದರೆ ಬೇಗ ಖಾಲಿಯಾಗುತ್ತದೆ ಎಂಬ ಭಯದಿಂದ ಕಷ್ಟಪಡುತ್ತ ಕೂರುವುದು ಸರಿಯಲ್ಲ. ಪ್ರಮಿಪೆಕ್ಸೋಲ್ ಎಳೆಯ ವಯಸ್ಸಿನವರಿಗೆ ಒಂದು ಆಯ್ಕೆ, ಆದರೆ ಜೂಜು, ಅತಿಖರ್ಚುಗಳಂಥ ತಡೆಯಲಾಗದ ಚಟಗಳನ್ನು ಅದು ಹುಟ್ಟಿಸಬಲ್ಲುದು. ಲೆವೊಡೋಪವನ್ನು ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಬೇಕು; ಕಾಳುಪಲ್ಯ, ಬೇಳೆ, ಹಾಲುಗಳ ಪ್ರೋಟೀನು ಅದನ್ನು ರಕ್ತಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ. ನಸುಗುನ್ನಿಯ ಬೀಜದಲ್ಲಿ ಲೆವೊಡೋಪ ಇರುವುದು ನಿಜ. ಆದರೆ ಪುಡಿಯಲ್ಲಿ ಪ್ರಮಾಣ ಎಷ್ಟಿದೆ ಎಂದು ಹೇಳಲಾಗದು, ಗುಳಿಗೆಯ ಜೊತೆಗೆ ಗುಟ್ಟಾಗಿ ಸೇವಿಸಿದರೆ ವೈದ್ಯರ ಲೆಕ್ಕವೆಲ್ಲ ತಪ್ಪುತ್ತದೆ. ಹಲವು ವರ್ಷಗಳ ನಂತರ ಗುಳಿಗೆಯ ಪರಿಣಾಮ ಏರಿಳಿಯತೊಡಗಿದರೆ ಮಿದುಳಿನಲ್ಲಿ ವಿದ್ಯುದ್ವಾರ ಇರಿಸುವ ಶಸ್ತ್ರಚಿಕಿತ್ಸೆ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದು ನಡೆಯುತ್ತದೆ. ಲೆವೊಡೋಪಕ್ಕೆ ಚೆನ್ನಾಗಿ ಸ್ಪಂದಿಸಿದವರಿಗೆ ಮಾತ್ರ ಅದು ಪ್ರಯೋಜನಕಾರಿ, ಮರೆವು ಆವರಿಸಿದವರಿಗೆ ಅಲ್ಲ.

ಮರೆವು

ಅರವತ್ತಕ್ಕೆ ಅರಳುಮರಳು ಎಂಬ ಗಾದೆ ಹಲವರ ಚಿಕಿತ್ಸೆಯನ್ನು ತಡೆದಿದೆ. ನಿನ್ನೆಯವರೆಗೆ ಚೆನ್ನಾಗಿದ್ದ ಅಜ್ಜ ಇಂದು ಅಸಂಬದ್ಧ ಮಾತಾಡಿದರೆ ಅದು ಮರೆಗುಳಿತನವಲ್ಲ, ಮೂತ್ರದ ಸೋಂಕು, ಸೋಡಿಯಂ ಇಳಿತ, ಹೊಸ ಗುಳಿಗೆ ಮುಂತಾದವುಗಳಿಂದ ಬಂದ ಸನ್ನಿ. ಅದೇ ದಿನ ಆಸ್ಪತ್ರೆ ಬೇಕು. ಬಚ್ಚಲಲ್ಲಿ ಜಾರಿಬಿದ್ದು ಕೆಲವು ವಾರಗಳ ಮೇಲೆ ಮಂಕು, ನಿದ್ದೆ, ನಡಿಗೆಯ ತೊಡಕು ಬಂದರೆ ಮಿದುಳಿನ ಮೇಲೆ ರಕ್ತ ಸೇರಿರಬಹುದು. ಸಣ್ಣ ಶಸ್ತ್ರಚಿಕಿತ್ಸೆಯಿಂದ ಅವರು ಪೂರ್ತಿ ಚೇತರಿಸಿಕೊಳ್ಳಬಹುದು. ತಿಂಗಳುಗಳಲ್ಲಿ ಬಂದ ಮರೆವಿನ ಹಿಂದೆ ಖಿನ್ನತೆ, ಥೈರಾಯ್ಡ್ ಕೊರತೆ, ವಿಟಮಿನ್ ಬಿ12 ಕೊರತೆ ಇರಬಹುದು. ಬಿ12 ಸಸ್ಯಾಹಾರದಲ್ಲಿ ಹಾಲು ಮೊಸರಿನಿಂದ ಮಾತ್ರ ಸಿಗುತ್ತದೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಅದು ಇನ್ನಷ್ಟು ಕುಗ್ಗುತ್ತದೆ. ವರ್ಷಗಳಲ್ಲಿ ಮೆಲ್ಲನೆ ಬಂದದ್ದು ಆಲ್ಜೈಮರ್ ಆಗಿರುವ ಸಂಭವ ಹೆಚ್ಚು. ಡೊನೆಪೆಜಿಲ್, ಮೆಮಾಂಟಿನ್ ಗುಳಿಗೆಗಳು ಲಕ್ಷಣವನ್ನು ಸ್ವಲ್ಪ ಕಾಲ ಹಗುರಾಗಿಸುತ್ತವೆ, ರೋಗವನ್ನು ನಿಲ್ಲಿಸುವುದಿಲ್ಲ. ಥೈರಾಯ್ಡ್ ಮತ್ತು ಬಿ12 ರಕ್ತಪರೀಕ್ಷೆಗಳಿಗೆ ಆಗುವ ಖರ್ಚು ಇವುಗಳ ಕೆಲವು ತಿಂಗಳ ಖರ್ಚಿಗಿಂತ ಕಡಿಮೆ, ಆದ್ದರಿಂದ ಪರೀಕ್ಷೆಗೆ ಮೊದಲ ಸ್ಥಾನ.

ಕೈಕಾಲು ಜೋಮು

ಸಕ್ಕರೆ ಕಾಯಿಲೆಯ ಜೋಮು ಎರಡೂ ಪಾದಗಳಲ್ಲಿ ಆರಂಭವಾಗಿ ವರ್ಷಗಳಲ್ಲಿ ಮೇಲೇರುತ್ತದೆ. ಮಣಿಕಟ್ಟಿನಲ್ಲಿ ನರ ಒತ್ತಿದಾಗ ಹೆಬ್ಬೆರಳಿನಿಂದ ಮೂರು ಬೆರಳು ಮಾತ್ರ ಜೋಮು ಹಿಡಿದು ರಾತ್ರಿ ಎಬ್ಬಿಸುತ್ತದೆ, ರೊಟ್ಟಿ ಬಡಿಯುವಾಗ ಹೆಚ್ಚುತ್ತದೆ. ಪಟ್ಟಿ ಕಟ್ಟಿಕೊಂಡು ಮಲಗುವುದರಿಂದ ಆರಂಭಿಸಿ ಸಣ್ಣ ಶಸ್ತ್ರಚಿಕಿತ್ಸೆಯವರೆಗೆ ದಾರಿಗಳಿವೆ. ಸ್ಪರ್ಶವಿಲ್ಲದ ಬಿಳಿಚು ಮಚ್ಚೆಯ ಜೊತೆ ಜೋಮಿದ್ದರೆ ಕುಷ್ಠರೋಗದ ಪರೀಕ್ಷೆ ಅಗತ್ಯ, ಅದರ ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಇವೆಲ್ಲಕ್ಕೂ ಒಂದೇ ಮದ್ದೆಂಬಂತೆ ಶಕ್ತಿಯ ಸೂಜಿ ಚುಚ್ಚಿಸಿಕೊಳ್ಳುವುದು ದುಡ್ಡಿನ ಪೋಲು.

ದಿನಗಳಲ್ಲಿ ಪಾದದಿಂದ ತೊಡೆಗೆ, ತೊಡೆಯಿಂದ ಕೈಗೆ ಬಲ ಕುಗ್ಗುತ್ತ ಏರಿದರೆ ಅದು ಗೀಯಾನ್ ಬಾರೇ ಕಾಯಿಲೆ ಇರಬಹುದು. ಭೇದಿ ಅಥವಾ ನೆಗಡಿಯಾದ ಒಂದೆರಡು ವಾರದ ನಂತರ ಬರುತ್ತದೆ. ಉಸಿರಾಟದ ಸ್ನಾಯುಗಳಿಗೂ ಏರಬಹುದಾದ್ದರಿಂದ ತುರ್ತುನಿಗಾ ಘಟಕವಿರುವ ಆಸ್ಪತ್ರೆಯೇ ಬೇಕು. ಚಿಕಿತ್ಸೆ ಎರಡು ಬಗೆ: ಐದು ದಿನ ಇಮ್ಯುನೊಗ್ಲಾಬ್ಯುಲಿನ್ ಕೊಡುವುದು, ಇಲ್ಲವೇ ಯಂತ್ರದ ಮೂಲಕ ರಕ್ತದ ಪ್ಲಾಸ್ಮಾ ಬದಲಿಸುವುದು. ಪರಿಣಾಮದಲ್ಲಿ ಎರಡೂ ಸಮ. ಮೊದಲನೆಯದು ಸುಲಭ, ಬಹಳ ದುಬಾರಿ. ಎರಡನೆಯದು ಸಾಮಾನ್ಯವಾಗಿ ಅಗ್ಗ, ಆದರೆ ಯಂತ್ರ ಮತ್ತು ಅನುಭವಿ ಸಿಬ್ಬಂದಿ ಬೇಕು. ಸಾಲ ಮಾಡಿ ಮೊದಲನೆಯದಕ್ಕೆ ಓಡುವ ಮುನ್ನ ಎರಡನೆಯದು ಎಲ್ಲಿದೆ ಎಂದು ಕೇಳುವುದು ತಪ್ಪಲ್ಲ.

ಯಾವ ತಜ್ಞ, ಯಾವ ಸ್ಕ್ಯಾನ್

ನ್ಯೂರಾಲಜಿಸ್ಟ್ ಔಷಧದಿಂದ ನೋಡುವವರು, ನ್ಯೂರೋಸರ್ಜನ್ ಶಸ್ತ್ರಚಿಕಿತ್ಸೆ ಮಾಡುವವರು, ಮನೋವೈದ್ಯರು ಮನಸ್ಸಿನ ಕಾಯಿಲೆಗಳನ್ನು ನೋಡುವವರು. ತಲೆಗೆ ಪೆಟ್ಟು, ಗಡ್ಡೆ ಅಥವಾ ಬೆನ್ನುಹುರಿಯ ಒತ್ತಡ ಇಲ್ಲದಿದ್ದರೆ ಮೊದಲನೆಯವರೇ ಸರಿ. ಸಾಮಾನ್ಯ ಮೈಗ್ರೇನ್, ಸಕ್ಕರೆ ಕಾಯಿಲೆಯ ಜೋಮುಗಳಿಗೆ ಊರಿನ ಎಂಡಿ ವೈದ್ಯರೂ ಸಾಕು. ಸಿಟಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ರಕ್ತಸ್ರಾವವನ್ನು ಚೆನ್ನಾಗಿ ತೋರಿಸುತ್ತದೆ, ಹೊಸದಾಗಿ ಮುಚ್ಚಿದ ರಕ್ತನಾಳದ ಹಾನಿಯನ್ನು ಮೊದಲ ಗಂಟೆಗಳಲ್ಲಿ ತೋರಿಸದೇ ಇರಬಹುದು. ಎಂಆರ್‌ಐ ನಿಧಾನ ಮತ್ತು ದುಬಾರಿ, ಮೂರ್ಛೆರೋಗದ ಕಾರಣ ಹುಡುಕಲು ಅದೇ ಮೇಲು. ಪಾರ್ಕಿನ್ಸನ್‌ನಲ್ಲಿ ಎಂಆರ್‌ಐ ಸಹಜವಾಗಿಯೇ ಬರುವುದರಿಂದ ವರದಿ ನೋಡಿ ರೋಗವಿಲ್ಲವೆಂದು ತೀರ್ಮಾನಿಸಬಾರದು.

ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಸರ್ಕಾರಿ ಆಸ್ಪತ್ರೆ 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜಿನದಾಗಿ ಆರಂಭವಾಗಿ, ಕಿಮ್ಸ್ ಆಗಿ, ಈಗ ಕೆಎಂಸಿಆರ್‌ಐ ಆಗಿದೆ. ಆಟೋದವರಿಗೆ ಯಾವ ಹೆಸರು ಹೇಳಿದರೂ ನಡೆಯುತ್ತದೆ. ತುರ್ತು ಸ್ಥಿತಿಗೆ, ಹಲವು ವಿಭಾಗಗಳು ಒಟ್ಟಿಗೆ ಬೇಕಾದ ಕಾಯಿಲೆಗೆ ಅದು ಸೂಕ್ತ. ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜು ಹುಬ್ಬಳ್ಳಿ-ಧಾರವಾಡಗಳ ನಡುವೆ ಇದೆ. ಧಾರವಾಡದ ಡಿಮ್ಹಾನ್ಸ್ ಹೆಸರಿನಲ್ಲಿಯೇ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಎರಡೂ ಇವೆ, ಆದರೂ ಹಳೆಯ ಹುಚ್ಚಾಸ್ಪತ್ರೆಯ ನೆನಪಿನಿಂದ ಅಲ್ಲಿಗೆ ಕಾಲಿಡಲು ಹಿಂಜರಿಯುವವರು ಇನ್ನೂ ಇದ್ದಾರೆ. ಮೂರ್ಛೆರೋಗದ ಜೊತೆಗೆ ಖಿನ್ನತೆ, ಮರೆವಿನ ಜೊತೆಗೆ ನಡವಳಿಕೆಯ ಬದಲಾವಣೆ ಇರುವವರಿಗೆ ಆ ಎರಡೂ ಒಂದೇ ಆವರಣದಲ್ಲಿರುವುದು ದೊಡ್ಡ ಅನುಕೂಲ. ದೀರ್ಘಕಾಲದ ಗುಳಿಗೆಗಳಿಗೆ ಜನೌಷಧಿ ಕೇಂದ್ರಗಳಲ್ಲಿ ಖರ್ಚು ಬಹಳ ಇಳಿಯುತ್ತದೆ. ಸೆಳವು ಹತೋಟಿಯಲ್ಲಿರುವವರು ಮಾತ್ರ ಕಂಪನಿಯನ್ನು ಪದೇ ಪದೇ ಬದಲಿಸಬಾರದು.

ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ. ತುರ್ತಲ್ಲದ ಕಾಯಿಲೆಗೆ ಖಾಸಗಿ ಆಸ್ಪತ್ರೆಗೆ ಹೋಗುವುದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಬರೆಸಿಕೊಂಡಿರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ (ಮಿದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಮತ್ತು ದೀರ್ಘಕಾಲದ ನರರೋಗಗಳನ್ನು ತನ್ನ 21 ವರ್ಗಗಳಲ್ಲಿ ಸೇರಿಸಿದೆ. ಪಾರ್ಶ್ವವಾಯುವಿನಿಂದ ಕೈಕಾಲಿನ ಬಲ ಕಳೆದುಕೊಂಡವರು ಚಲನವೈಕಲ್ಯದ ಅಡಿಯಲ್ಲಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಅರ್ಜಿ ಆನ್‌ಲೈನ್ ಮೂಲಕ ಹೋಗುತ್ತದೆ, ತಪಾಸಣೆ ಸರ್ಕಾರಿ ಆಸ್ಪತ್ರೆಯಲ್ಲಿ ನಡೆಯುತ್ತದೆ, ಬಿಡುಗಡೆಯ ಚೀಟಿ ಮತ್ತು ಸ್ಕ್ಯಾನ್ ವರದಿಗಳ ಮೂಲಪ್ರತಿಗಳನ್ನು ಆ ದಿನ ಜೊತೆಗೆ ಒಯ್ಯಬೇಕು.